18ನೇ ವರ್ಷದ ಎಕ್ಸ್‌ರೇ

2005ರಲ್ಲಿ ಹುಬ್ಬಳ್ಳಿಯಲ್ಲಿ ನನ್ನ ಬಲ ಸೊಂಟದ ಕೀಲು ಬದಲಾಯಿಸಿದರು. ಆಗ ನನಗೆ 44. ರಕ್ತ ಸಿಗದೆ ತೊಡೆಮೂಳೆಯ ಚೆಂಡು ಕುಸಿದುಹೋಗಿತ್ತು. ತೋಟದ ಸಂಕ ದಾಟಲಿಕ್ಕೂ ಒಬ್ಬರ ಹೆಗಲು ಬೇಕಿತ್ತು. ಮೂರು ತಿಂಗಳಿಗೆ ಅದೇ ಸಂಕ ಒಬ್ಬನೇ ದಾಟಿದೆ. ಮನೆಗೆ ಕಳಿಸುವಾಗ "ಇನ್ನು ಸೊಂಟದ ಚಿಂತೆ ಬಿಟ್ಟುಬಿಡಿ" ಅಂದಿದ್ದರು. ಆಗಾಗ ಎಕ್ಸ್‌ರೇ ತೆಗೆಸುತ್ತಿರಬೇಕು ಅಂತ ಯಾರೂ ಹೇಳಲಿಲ್ಲ. ನನಗೆ ಈಗಲೂ ಬೇಸರ ಅದೊಂದರದ್ದೇ.

2023ರಲ್ಲಿ ಮುಂಗೈ ಉಳುಕಿ ಶಿರಸಿಯ ಮೂಳೆ ಡಾಕ್ಟರ ಹತ್ತಿರ ಹೋದಾಗ, ನನ್ನ ನಡಿಗೆ ನೋಡಿ ಸೊಂಟದ ವಿಷಯ ಎತ್ತಿದವರು ಅವರೇ. "ಹೆಗಡೆಯವರೇ, ಹಳೇ ಫಿಲ್ಮ್ ಇದ್ದರೆ ತನ್ನಿ, ಹೊಸದೊಂದು ತೆಗೆಯೋಣ." ಮನೆಯಲ್ಲಿ, "ನೋವೇ ಇಲ್ಲೆ, ಮತ್ತೆಂತಕ್ಕೆ?" ಎಂಬ ಪ್ರಶ್ನೆ. ನನಗೂ ಹಾಗೇ ಅನ್ನಿಸಿತ್ತು.

ಡಾಕ್ಟರು ಎರಡೂ ಫಿಲ್ಮ್ ಬೆಳಕಿಗೆ ಹಿಡಿದರು. 2005ರದ್ದರಲ್ಲಿ ಕೃತಕ ಕೀಲಿನ ಚೆಂಡು, ಅದು ಕೂರುವ ಲೋಹದ ಬಟ್ಟಲಿನ ನಟ್ಟನಡುವೆ ಇತ್ತು. ಹೊಸದರಲ್ಲಿ ಮೇಲಕ್ಕೆ ಸರಿದಿತ್ತು. ಬಟ್ಟಲಿನ ಹಿಂದಿನ ಮೂಳೆಯಲ್ಲಿ ಅಡಿಕೆಯಷ್ಟಗಲದ ಕಪ್ಪು ನೆರಳು.

ಅವರು ಬಿಡಿಸಿ ಹೇಳಿದ್ದು ಇಷ್ಟು. ಲೋಹದ ಚೆಂಡು ತಿರುಗುವುದು ಬಟ್ಟಲಿನೊಳಗಿನ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಒಳಪದರದಲ್ಲಿ. 1962ರಲ್ಲಿ ಇಂಗ್ಲೆಂಡಿನ ಸರ್ಜನ್ ಜಾನ್ ಚಾರ್ನ್ಲಿ ಈ ಪ್ಲಾಸ್ಟಿಕ್ ಬಳಸತೊಡಗಿದರು. ಅದಕ್ಕೆ ಮೊದಲು ಅವರು ಹಾಕಿದ ಟೆಫ್ಲಾನ್ ಕೆಲವೇ ವರ್ಷಗಳಲ್ಲಿ ಸವೆದುಹೋಗಿತ್ತು. ಪಾಲಿಎಥಿಲೀನ್ ಕೂಡ ಸವೆಯುತ್ತದೆ, ನಿಧಾನವಾಗಿ. ಆ ಸಣ್ಣ ಪುಡಿಯನ್ನು ದೇಹದ ಜೀವಕೋಶಗಳು ನುಂಗುತ್ತವೆ, ಅರಗಿಸಿಕೊಳ್ಳಲಾಗದೆ ಕೆರಳುತ್ತವೆ, ಸುತ್ತಲಿನ ಮೂಳೆ ಕರಗುತ್ತದೆ. ಎಷ್ಟೋ ಜನರಿಗೆ ಕೀಲು ಸಡಿಲವಾಗುವ ತನಕ ನೋವೇ ಇರುವುದಿಲ್ಲ. ಗೆದ್ದಲು ಹತ್ತಿದ ಕಂಬದ ಹಾಗೆ, ಹೊರಗೆ ಏನೂ ತಿಳಿಯುವುದಿಲ್ಲ. 2019ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ 100ಕ್ಕೆ ಸುಮಾರು 58 ಕೀಲುಗಳು 25 ವರ್ಷ ಬಾಳುತ್ತವಂತೆ. ಚಿಕ್ಕ ವಯಸ್ಸಿನಲ್ಲಿ ಹಾಕಿಸಿಕೊಂಡವರು ಹೆಚ್ಚು ಎಚ್ಚರ ಇರಬೇಕು.

ನನ್ನ ಅದೃಷ್ಟಕ್ಕೆ ಲೋಹದ ಬಟ್ಟಲೂ ತೊಡೆಮೂಳೆಯೊಳಗೆ ಇಳಿಸಿದ ಕಾಂಡವೂ ಮೂಳೆಗೆ ಗಟ್ಟಿಯಾಗಿ ಕೂತಿದ್ದವು. ಚೆಂಡು ಮತ್ತು ಒಳಪದರ ಬದಲಿಸಿದರೆ ಸಾಕಾಗಿತ್ತು. ಆದರೆ ಒಳಪದರ ಅದೇ ಕಂಪನಿಯ ಅದೇ ಅಳತೆಯ ಬಟ್ಟಲಿಗೆ ಹೊಂದಬೇಕು. ಆ ವಿವರ ಇರುವುದು ಡಿಸ್ಚಾರ್ಜ್ ಫೈಲಿನಲ್ಲಿ ಅಂಟಿಸಿದ ಪುಟ್ಟ ಸ್ಟಿಕರ್‌ಗಳಲ್ಲಿ. ಅಟ್ಟದ ಮೇಲಿದ್ದ ಫೈಲು ಮಳೆಗಾಲದ ತೇವಕ್ಕೆ ಬೂಸಲು ಹಿಡಿದಿತ್ತು. ಹತ್ತಿಯಿಂದ ಮೆಲ್ಲಗೆ ಒರೆಸಿದೆ. ಒಂದು ಸ್ಟಿಕರ್ ಪೂರಾ ಅಳಿಸಿತ್ತು. ಬಟ್ಟಲಿನದ್ದು ಮಾತ್ರ ಓದಲು ಬಂತು. ಅದೂ ಹೋಗಿದ್ದರೆ ಗಟ್ಟಿಯಾಗಿದ್ದ ಬಟ್ಟಲನ್ನೇ ಕಿತ್ತು ಹಾಕಬೇಕಾಗುತ್ತಿತ್ತೇನೋ.

ಹೊಸ ಒಳಪದರ ಕ್ರಾಸ್‌ಲಿಂಕ್ ಮಾಡಿದ್ದು, ಅಂದರೆ ಪ್ಲಾಸ್ಟಿಕ್ಕಿನ ಎಳೆಗಳನ್ನು ಒಂದಕ್ಕೊಂದು ಬೆಸೆದದ್ದು, ಹಳೆಯದಕ್ಕಿಂತ ಬಹಳ ಕಡಿಮೆ ಸವೆಯುವಂಥದ್ದು. ಕೀಲು ತಪ್ಪಬಾರದು ಅಂತ ಕುಕ್ಕರಗಾಲಲ್ಲಿ ಕೂರುವುದು ಬಿಟ್ಟಿದ್ದೇನೆ. ಮೆಟ್ಟುಗತ್ತಿಯನ್ನು ಎತ್ತರದ ಬೆಂಚಿಗೆ ಕೂರಿಸಿಕೊಂಡು ಅಡಿಕೆ ಸುಲಿಯುತ್ತೇನೆ. ಹೊಸ ಸ್ಟಿಕರ್‌ಗಳ ಫೋಟೋ ನನ್ನ ಫೋನಿನಲ್ಲೂ ಮಗಳ ಫೋನಿನಲ್ಲೂ ಇದೆ. ವರ್ಷಕ್ಕೊಮ್ಮೆ, ಅಡಿಕೆ ಕೊನೆಕೊಯ್ಲು ಶುರುವಾಗುವ ಮೊದಲು, ನೋವಿರಲಿ ಬಿಡಲಿ, ಎಕ್ಸ್‌ರೇಗೆ ಹೋಗಿಬರುತ್ತೇನೆ.