‘ಆಫ್ರಿಕಾದ ಚಿರತೆ’ ಅಂದವನು ನಾನೇ

ದಾವಣಗೆರೆ ಸುತ್ತಮುತ್ತ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳಿಗೆ ಮೈಕ್ ಹಿಡಿಯಲು ಶುರುಮಾಡಿ 14 ವರ್ಷ ಆಯಿತು. ಹಗಲು ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ರಾತ್ರಿ ಹರಿಹರ, ಜಗಳೂರು, ಹೊನ್ನಾಳಿ, ಚನ್ನಗಿರಿ, ಎಲ್ಲಿ ಕರೆದರೂ ಹೋಗುತ್ತೇನೆ. ಬೇಸಿಗೆ ಬಂದರೆ ಟೆನಿಸ್ ಬಾಲ್ ಕ್ರಿಕೆಟ್. ಜಾತ್ರೆ ಬಂದರೆ ಕುಸ್ತಿ. ದೊಡ್ಡ ಹೆಸರೇನಲ್ಲ. ಪೋಸ್ಟರಿನ ಮೂಲೆಯಲ್ಲಿ ‘ವೀಕ್ಷಕ ವಿವರಣೆ’ ಅಂತ ಬರೆದು ಚಿಕ್ಕದೊಂದು ಫೋಟೋ ಹಾಕುತ್ತಾರೆ, ಅಷ್ಟರಮಟ್ಟಿಗೆ ಗೊತ್ತಿರುವವನು.

ನನ್ನನ್ನು ಕರೆಯುತ್ತಿದ್ದದ್ದೇ ಅಡ್ಡಹೆಸರು ಇಡುವುದಕ್ಕೆ. ಯಾವ ಹುಡುಗ ಅಂಕಣಕ್ಕೆ ಇಳಿಯಲಿ, ಎರಡನೇ ರೈಡ್ ಮುಗಿಯುವಷ್ಟರಲ್ಲಿ ಅವನಿಗೊಂದು ಹೆಸರು ಕಟ್ಟಿರುತ್ತಿದ್ದೆ. ದಪ್ಪಗಿದ್ದವನು ರೈಸ್ ಮಿಲ್. ಕುಳ್ಳಗೆ ಚುರುಕಾಗಿದ್ದವನು ಮೆಣಸಿನಕಾಯಿ. ಜನ ಶಿಳ್ಳೆ ಹೊಡೆಯುತ್ತಿದ್ದರು. ಯೂಟ್ಯೂಬ್ ಲೈವ್ ಬಂದ ಮೇಲಂತೂ ನನ್ನ ಮಾತಿನ ತುಣುಕುಗಳನ್ನು ಕತ್ತರಿಸಿ ಸ್ಟೇಟಸ್ ಹಾಕಿಕೊಳ್ಳುವವರು ಜಾಸ್ತಿಯಾದರು. ನನಗೂ ಅದು ತಲೆಗೇರಿತ್ತು, ಸುಳ್ಳು ಯಾಕೆ ಹೇಳಲಿ.

ಆರು ವರ್ಷದ ಹಿಂದೆ ಹರಿಹರ ತಾಲೂಕಿನ ಒಂದು ಹಳ್ಳಿ. ಉತ್ತರ ಕನ್ನಡದಿಂದ ಒಂದು ತಂಡ ಬಂದಿತ್ತು. ಅದರಲ್ಲಿ ಒಬ್ಬ ಸಿದ್ದಿ ಹುಡುಗ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ತಲೆತಲಾಂತರದಿಂದ ಬದುಕುತ್ತಿರುವ ಜನ ಸಿದ್ದಿಗಳು. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ. ಇದೆಲ್ಲ ನಾನು ಆಮೇಲೆ ಓದಿ ತಿಳಿದದ್ದು. ಆ ರಾತ್ರಿ ನನಗೆ ಕಂಡದ್ದು ಗುಂಗುರು ಕೂದಲು, ಮೈಬಣ್ಣ. ಅಷ್ಟೇ.

‘ಬಂದ ನೋಡಿ, ಆಫ್ರಿಕಾದ ಚಿರತೆ!’ ಅಂದೆ. ಪೆಂಡಾಲ್ ಹಾರಿಹೋಗುವಂಥ ಕೂಗು ಎದ್ದಿತು. ಆಮೇಲೆ ನಿಲ್ಲಿಸಲೇ ಇಲ್ಲ. ಕಾಡಿನ ಕಸುವು, ಕಬ್ಬಿಣದ ಮೈ, ಕಪ್ಪು ಮಿಂಚು. ಅವರ ತಂಡ ಸೆಮಿಫೈನಲ್‌ನಲ್ಲಿ ಸೋತಿತು. ನಾನು ಚಹಾ ಕುಡಿಯಲು ಎದ್ದಾಗ ರಾತ್ರಿ ಎರಡು ದಾಟಿತ್ತು. ಆ ಹುಡುಗ ಬಂದು ಪಕ್ಕದಲ್ಲಿ ನಿಂತ. ಸೆಲ್ಫಿ ಕೇಳುತ್ತಾನೆ ಅಂದುಕೊಂಡೆ.

‘ಸಾರ್, ನಾನು ಯಲ್ಲಾಪುರದ ಕಡೆಯವನು. ಹುಬ್ಬಳ್ಳಿ ದಾಟಿ ಈ ಕಡೆ ಬಂದಿದ್ದೇ ಇದು ಮೂರನೇ ಸಲ’ ಅಂದ. ಸಿಟ್ಟು ಇರಲಿಲ್ಲ. ಸ್ವಲ್ಪ ಸುಮ್ಮನಿದ್ದು, ‘ಆರು ಬೋನಸ್ ತಗೊಂಡೆ ಸಾರ್. ಒಂದನ್ನೂ ನೀವು ಹೇಳಲಿಲ್ಲ’ ಅಂದ. ಹೋಗಿ ಟೆಂಪೋ ಹತ್ತಿದ.

ಮೊದಲ ಮಾತು ಚುಚ್ಚಿತು, ನಿಜ. ಆದರೆ ನನ್ನನ್ನು ನಿದ್ದೆಗೆಡಿಸಿದ್ದು ಎರಡನೆಯದು. ಕಬಡ್ಡಿ ನೋಡದವರಿಗೆ ಒಂದು ಮಾತು. ಎದುರಾಳಿ ಅಂಕಣದಲ್ಲಿ ಕನಿಷ್ಠ ಆರು ಜನ ಇದ್ದಾಗ ಮಾತ್ರ ಬೋನಸ್ ಸಿಗುತ್ತದೆ. ರೈಡರ್ ಒಂದು ಕಾಲು ಬೋನಸ್ ಗೆರೆ ದಾಟಿಸಿ ಊರಬೇಕು, ಆಗ ಹಿಂದಿನ ಕಾಲು ಗಾಳಿಯಲ್ಲಿರಬೇಕು. ಒಂಟಿ ಕಾಲಲ್ಲಿ ಆರು ಜನರ ಬಾಯಿಗೆ ಹೋಗಿ ಬರುವ ಕೆಲಸ. ಕಾರ್ನರ್‌ನಲ್ಲಿ ನಿಂತವನು ಯಾವ ಕ್ಷಣಕ್ಕೆ ಮೈ ಮುಂದೆ ಹಾಕುತ್ತಾನೆ ಅಂತ ಲೆಕ್ಕ ಹಾಕಬೇಕು. ಅದು ಪೂರ್ತಿ ತಲೆಯ ಆಟ. ಅದನ್ನು ಆರು ಸಲ ಮಾಡಿದವನನ್ನು ನಾನು ರಾತ್ರಿಯಿಡೀ ಪ್ರಾಣಿ ಅಂದಿದ್ದೆ. ಹೊಗಳುತ್ತಿದ್ದೇನೆ ಅಂದುಕೊಂಡೇ ಅಂದಿದ್ದೆ!

ಮಾರನೇ ವಾರ ಆ ಲೈವ್ ರೆಕಾರ್ಡಿಂಗ್ ಹಾಕಿಕೊಂಡು ಕೂತೆ. ಅಂಗಡಿಯ ಹಳೇ ಲೆಕ್ಕದ ಪುಸ್ತಕದಲ್ಲಿ ನಡುವೆ ಒಂದು ಗೆರೆ ಎಳೆದೆ. ಎಡಕ್ಕೆ ‘ಮೈ’, ಬಲಕ್ಕೆ ‘ಆಟ’. ಪ್ರತಿ ಆಟಗಾರನ ಬಗ್ಗೆ ನಾನು ಆಡಿದ ಮಾತನ್ನು ಯಾವುದಾದರೂ ಒಂದು ಕಡೆ ಬರೆಯುತ್ತಾ ಹೋದೆ. ಒಂದು ಪಂದ್ಯಕ್ಕೆ ಮೂರು ಸಂಜೆ ಹಿಡಿಯಿತು. ನನ್ನದೇ ದನಿ ಕೇಳಿ ಕೇಳಿ ಹೇಸಿಗೆ ಬಂತು. ಆ ಹುಡುಗನ ಎಡಗಡೆ ಪುಟ ತುಂಬಿ ಕೆಳಗೆ ಇಳಿದಿತ್ತು. ಬಲಗಡೆ ಎರಡೇ ಸಾಲು. ನಮ್ಮೂರಿನ ಕಡೆಯ ಒಬ್ಬ ಬೆಳ್ಳಗಿನ ಹುಡುಗ, ಇಂಜಿನಿಯರಿಂಗ್ ಓದುತ್ತಿದ್ದವನು, ಅದೇ ಪಂದ್ಯದಲ್ಲಿ ಇದ್ದ. ಅವನಿಗೆ ‘ಜಾಣ ರೈಡ್’, ‘ತಾಳ್ಮೆ ನೋಡಿ’, ‘ಲೆಕ್ಕಾಚಾರ ನೋಡಿ’ ಅಂತ ಬಲಗಡೆ ಉದ್ದದ ಪಟ್ಟಿ. ಅವನು ಆ ದಿನ ನಾಲ್ಕು ಸಲ ಔಟಾಗಿದ್ದ.

ನಾನೊಬ್ಬನೇ ಹಾಗೇನೋ ಅಂದುಕೊಂಡಿದ್ದೆ. ಅಲ್ಲ. 2020ರಲ್ಲಿ ರನ್‌ರಿಪೀಟ್ ಅನ್ನೋ ಸಂಸ್ಥೆ ಯುರೋಪಿನ 80 ಫುಟ್‌ಬಾಲ್ ಪಂದ್ಯಗಳ ಇಂಗ್ಲಿಷ್ ಕಾಮೆಂಟ್ರಿಯನ್ನು ಹೀಗೇ ಕೂತು ವಿಂಗಡಿಸಿತ್ತು. ಬಿಳಿ ಚರ್ಮದವರನ್ನು ಹೊಗಳುವಾಗ ಬುದ್ಧಿ, ಶ್ರಮ. ಕಪ್ಪು ಚರ್ಮದವರನ್ನು ಹೊಗಳುವಾಗ ವೇಗ, ಬಲ. ನನ್ನ ಪುಸ್ತಕದ ಎರಡು ಕಾಲಂ! ಸಿದ್ದಿಗಳ ವಿಷಯದಲ್ಲಿ ಸರ್ಕಾರವೂ ಇದೇ ಕಣ್ಣಿನಿಂದ ನೋಡಿತ್ತು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಆಫ್ರಿಕಾ ಮೂಲದವರು ಪದಕ ತರುತ್ತಾರೆ ಅನ್ನೋ ಲೆಕ್ಕದಲ್ಲಿ ಸಿದ್ದಿ ಮಕ್ಕಳನ್ನು ಹುಡುಕಿ ತರಬೇತಿಗೆ ಸೇರಿಸಿತು. ಕೆಲವೇ ವರ್ಷಕ್ಕೆ ಆ ಯೋಜನೆ ನಿಂತುಹೋಯಿತು. ಮಕ್ಕಳು ಊರಿಗೆ ವಾಪಸ್.

ಈ ಕಥೆಯನ್ನು ಗೆಳೆಯರಿಗೆ ಹೇಳಿದಾಗ ಒಬ್ಬ ರೇಗಿದ. ‘ಕರಿಯ ಅಂದ್ರೆ ಏನ್ ತಪ್ಪು? ನಮ್ಮಪ್ಪನ ಹೆಸರೇ ಕರಿಬಸಪ್ಪ. ಉಕ್ಕಡಗಾತ್ರಿ ಅಜ್ಜಯ್ಯನ ಹೆಸರು ಕರಿಬಸವೇಶ್ವರ. ನಾವು ಕಪ್ಪಿಗೆ ಕೈ ಮುಗಿಯೋ ಜನ.’ ಮಾತೇನೋ ಚೆನ್ನಾಗಿದೆ. ಆದರೆ ಅಜ್ಜಯ್ಯನ ಹರಕೆ ಹೊತ್ತು ತೊಟ್ಟಿಲಲ್ಲಿ ಇಟ್ಟ ಹೆಸರು ಬೇರೆ. ಸಾವಿರ ಜನರ ಮುಂದೆ ಮೈಕಿನಲ್ಲಿ ನಾನು ಅಂಟಿಸಿದ ಹೆಸರು ಬೇರೆ. ವೆಸ್ಟ್ ಇಂಡೀಸ್‌ನ ಡ್ಯಾರೆನ್ ಸ್ಯಾಮಿ 2020ರಲ್ಲಿ ಹೇಳಿದ್ದು ನೆನಪಿದೆಯಲ್ವಾ? ಐಪಿಎಲ್‌ನಲ್ಲಿ ಹೈದರಾಬಾದ್ ತಂಡದಲ್ಲಿದ್ದಾಗ ಅವರನ್ನು ಹಿಂದಿಯಲ್ಲಿ ‘ಕಾಲೂ’ ಅಂತ ಕರೆಯುತ್ತಿದ್ದರು. ಬಲವಾದ ಕುದುರೆ ಅಂತ ಅರ್ಥ ಇರಬೇಕು ಅಂದುಕೊಂಡು ಅವರೂ ನಗುತ್ತಿದ್ದರಂತೆ. ನಿಜವಾದ ಅರ್ಥ ‘ಕರಿಯ’ ಅಂತ ತಿಳಿದಿದ್ದು ವರ್ಷಗಳಾದ ಮೇಲೆ. ಕರೆದವರು ಪ್ರೀತಿಯಿಂದಲೇ ಕರೆದಿರಬಹುದು. ನಾನೂ ಚಿರತೆ ಅಂದದ್ದು ಪ್ರೀತಿಯಿಂದಲೇ.

ಇನ್ನೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ದಾವಣಗೆರೆಯಲ್ಲೇ ಒಂದು ಟೆನಿಸ್ ಬಾಲ್ ಟೂರ್ನಿ. ಎರಡು ಬಡಾವಣೆಯ ತಂಡಗಳು. ಒಂದು ತಂಡದಲ್ಲಿ ಪೂರ್ತಿ ಮುಸ್ಲಿಂ ಹುಡುಗರು. ನಾನು ಹುರುಪಿನಲ್ಲಿ ‘ಇಂಡಿಯಾ ಪಾಕಿಸ್ತಾನ ಮ್ಯಾಚ್ ಇದ್ದಂಗೆ ಇದೆ’ ಅಂದೆ. ಮುಂದಿನ ಮಾತು ಹೊರಗೆ ಕೇಳಿಸಲಿಲ್ಲ. ಮೈಕ್ ಸತ್ತುಹೋಯಿತು. ಮೈಕ್ ಸೆಟ್ ಅಣ್ಣ ನನ್ನ ಜೊತೆ ಹತ್ತು ವರ್ಷದಿಂದ ಕೆಲಸ ಮಾಡುತ್ತಿದ್ದವರು. ಆಂಪ್ಲಿಫೈಯರ್ ಪಕ್ಕ ಕೂತು ಮಂಡಕ್ಕಿ ತಿನ್ನುತ್ತಿದ್ದರು. ‘ಏನಾಯ್ತಣ್ಣ?’ ಅಂದರೆ, ‘ವೈರ್ ಲೂಸ್ ಆಗಿತ್ತು ತಮ್ಮಾ’ ಅಂದರು. ಎರಡು ಓವರ್ ಹಾಗೇ ಹೋಯಿತು. ಆ ತಂಡದ ಕೀಪರ್ ಅವರ ಮಗ ಅಂತ ನನಗೆ ಬಹುಮಾನ ಕೊಡುವಾಗ ತಿಳಿಯಿತು. ಅವರು ಇವತ್ತಿನವರೆಗೂ ಅದರ ಬಗ್ಗೆ ಒಂದು ಮಾತು ಆಡಿಲ್ಲ.

2006ರ ಆಗಸ್ಟ್‌ನಲ್ಲಿ ಕೊಲಂಬೊದಲ್ಲಿ ನಡೆದದ್ದು ನನಗೆ ಆಗ ನೆನಪಾಯಿತು. ದಕ್ಷಿಣ ಆಫ್ರಿಕಾದ ಹಶೀಂ ಆಮ್ಲಾ ಒಂದು ಕ್ಯಾಚ್ ಹಿಡಿದರು. ಕಾಮೆಂಟರಿ ಕೋಣೆಯಲ್ಲಿದ್ದ ಡೀನ್ ಜೋನ್ಸ್ ಅವರನ್ನು ‘ಟೆರರಿಸ್ಟ್’ ಅಂದರು. ಜಾಹೀರಾತು ಬರುತ್ತಿದೆ, ಮಾತು ಹೊರಗೆ ಹೋಗುತ್ತಿಲ್ಲ ಅಂದುಕೊಂಡಿದ್ದರು. ದಕ್ಷಿಣ ಆಫ್ರಿಕಾದ ಮನೆಗಳಲ್ಲಿ ಅದು ಕೇಳಿಸಿತು. ಕ್ಷಮೆ ಕೇಳಿದರೂ ಟೆನ್ ಸ್ಪೋರ್ಟ್ಸ್ ಅವರನ್ನು ಕೆಲಸದಿಂದ ತೆಗೆಯಿತು. ಅವರಿಗೆ ಮೈಕ್ ಸೆಟ್ ಅಣ್ಣನಂಥವರು ಯಾರೂ ಪಕ್ಕದಲ್ಲಿ ಇರಲಿಲ್ಲ.

ಸರಿ, ತಿದ್ದಿಕೊಂಡದ್ದು ಹೇಗೆ? ಬೈಗುಳದ ಪಟ್ಟಿ ಮಾಡಿ ಅವನ್ನು ಆಡಬಾರದು ಅಂತ ಪ್ರತಿಜ್ಞೆ ಮಾಡಿದರೆ ಆಯಿತು ಅಂದುಕೊಂಡೆ. ಆಗಲಿಲ್ಲ. ಬಾಯಿ ಕಟ್ಟಿದಂತಾಯಿತು. ಮೂರು ಪಂದ್ಯ ಬರೀ ಅಂಕ ಓದಿದೆ. ಆಗ ನಿಜ ಗೊತ್ತಾಯಿತು. ನನಗೆ ಆಟವೇ ಸರಿಯಾಗಿ ಗೊತ್ತಿರಲಿಲ್ಲ. ಯಾವ ಕಾಲು ಎಲ್ಲಿ ಬಿತ್ತು ಅಂತ ಹೇಳಲು ಮಾತಿಲ್ಲದ ಜಾಗದಲ್ಲೆಲ್ಲ ನಾನು ಬಣ್ಣ, ಮೈಕಟ್ಟು, ಊರು, ಜಾತಿ ತುಂಬುತ್ತಿದ್ದೆ.

ಹಾಗಾಗಿ ಕಲಿಯಲು ಹೋದೆ. ಒಬ್ಬ ಹಳೇ ಕೋಚ್ ಹತ್ತಿರ, ಬೆಳಗ್ಗೆ ಐದೂವರೆಗೆ, ಎರಡು ತಿಂಗಳು. ಅವರು ನನ್ನನ್ನು ಕಾರ್ನರ್‌ನಲ್ಲಿ ನಿಲ್ಲಿಸಿ ಆಂಕಲ್ ಹೋಲ್ಡ್, ಅಂದರೆ ರೈಡರ್‌ನ ಪಾದದ ಗಂಟು ಹಿಡಿಯುವ ಪಟ್ಟು, ಹಾಕಿಸಿದರು. 38ನೇ ವಯಸ್ಸಿನಲ್ಲಿ ಮೊಣಕೈ ಕಿತ್ತುಕೊಂಡೆ. ಆದರೆ ಕಣ್ಣು ಬಂತು. ಡುಬ್ಕಿ ಹಾಕುವವನು, ಅಂದರೆ ಹಿಡಿಯುವವರ ಕೈ ಕೆಳಗೆ ನುಸುಳುವವನು, ತಲೆ ತಗ್ಗಿಸುವ ಮೊದಲು ಭುಜ ಯಾವ ಕಡೆ ತೋರಿಸಿ ಮೋಸ ಮಾಡುತ್ತಾನೆ, ಚೈನ್ ಹಿಡಿದ ಇಬ್ಬರಲ್ಲಿ ಮೊದಲು ಹೆಜ್ಜೆ ಇಡುವವನು ಯಾರು, ಇವೆಲ್ಲ ಕಾಣತೊಡಗಿದವು. ಕಂಡ ಮೇಲೆ ಮಾತು ತಾನಾಗಿ ಬಂತು. ಈಗ ‘ಹಿಂಗಾಲು ನೋಡಿ, ಗಾಳಿಯಲ್ಲೇ ಇದೆ, ಇನ್ನೂ ಊರಿಲ್ಲ, ಬೋನಸ್!’ ಅಂದರೆ ಅದಕ್ಕೂ ಶಿಳ್ಳೆ ಬೀಳುತ್ತದೆ. ಸ್ವಲ್ಪ ಕಡಿಮೆ ಬೀಳುತ್ತದೆ, ಅದನ್ನೂ ಹೇಳಿಬಿಡುತ್ತೇನೆ.

ಇನ್ನೊಂದು ಅಭ್ಯಾಸ ಮಾಡಿಕೊಂಡೆ. ಪಂದ್ಯಕ್ಕೆ ಮೊದಲು ಸ್ಕೋರ್ ಶೀಟ್ ಹಿಡಿದು ಎರಡೂ ತಂಡದ ಹತ್ತಿರ ಹೋಗಿ ‘ನಿಮ್ಮನ್ನು ಏನಂತ ಕರೀಲಿ?’ ಅಂತ ಕೇಳುತ್ತೇನೆ. ಕೆಲವರು ಅಡ್ಡಹೆಸರು ಅವರೇ ಕೊಡುತ್ತಾರೆ. ಒಬ್ಬ ‘ಬರೀ ಜೆರ್ಸಿ ನಂಬರ್ ಹೇಳಿ ಸಾರ್, ಹೆಸರು ಹೇಳಿದ್ರೆ ಜಾತಿ ಗೊತ್ತಾಗುತ್ತೆ’ ಅಂದ. ನಾನು ಏನೂ ಕೇಳದೆ ನಂಬರ್ ಬರೆದುಕೊಂಡೆ.

ಜಾತಿಯ ವಿಷಯ ನಮ್ಮ ಕಡೆ ಇನ್ನೂ ಗಟ್ಟಿ. ಸಮಾಜಕ್ಕೊಂದು ಕಪ್ ಇದೆ. ಪ್ರಾಯೋಜಕರು ಚೀಟಿ ಕಳಿಸುತ್ತಾರೆ: ‘ನಮ್ಮ ಸಮಾಜದ ಹುಲಿ ಅಂತ ಎರಡು ಸಲ ಹೇಳಿ.’ ಹೇಳುವುದಿಲ್ಲ ಅಂದಿದ್ದಕ್ಕೆ ಒಂದೇ ಬೇಸಿಗೆಯಲ್ಲಿ ನಾಲ್ಕು ಟೂರ್ನಿ ಕೈತಪ್ಪಿದವು. ಹುಲಿ ಅಂದಷ್ಟು ಸುಲಭವಾಗಿ ಅದೇ ಬಾಯಿ ಬೇರೆ ಮಾತನ್ನೂ ಆಡುತ್ತದೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಹಾಕಿ ಆಟಗಾರ್ತಿ ವಂದನಾ ಕಟಾರಿಯಾ ದಕ್ಷಿಣ ಆಫ್ರಿಕಾ ವಿರುದ್ಧ ಹ್ಯಾಟ್ರಿಕ್ ಗೋಲು ಹೊಡೆದಾಗ ಅವರು ದೇಶದ ಮಗಳು. ಕೆಲವೇ ದಿನದಲ್ಲಿ ಅರ್ಜೆಂಟೀನಾ ವಿರುದ್ಧ ತಂಡ ಸೋತಾಗ ಹರಿದ್ವಾರದ ಹತ್ತಿರ ಅವರ ಮನೆ ಮುಂದೆ ಪಟಾಕಿ ಹೊಡೆದು ಜಾತಿ ಹಿಡಿದು ಬೈದರು. ಕ್ರಿಕೆಟ್‌ನಲ್ಲಿ ಪಾಕಿಸ್ತಾನದ ವಿರುದ್ಧ ಸೋತಾಗ, ಅದೇ 2021ರಲ್ಲಿ ಮೊಹಮ್ಮದ್ ಶಮಿಗೆ, ಮರುವರ್ಷ ಒಂದು ಕ್ಯಾಚ್ ಬಿಟ್ಟ ಅರ್ಷ್‌ದೀಪ್ ಸಿಂಗ್‌ಗೆ ಧರ್ಮ ಹಿಡಿದು ಬೈದದ್ದೂ ಬೇರೆ ಏನಲ್ಲ.

ಹಾಗಂತ ಊರು, ಜಾತಿ, ಹಿನ್ನೆಲೆ ಎಂದೂ ಬಾಯಿಗೆ ಬರಬಾರದು ಅನ್ನುವವರ ಜೊತೆಗೂ ನನಗೆ ಒಪ್ಪಿಗೆ ಇಲ್ಲ. ಪಳವಣ್ಕರ್ ಬಾಲೂ ಬಗ್ಗೆ ಮಾತಾಡುವಾಗ ಜಾತಿ ಬಿಟ್ಟರೆ ಅದು ಸುಳ್ಳಾಗುತ್ತದೆ. 1876ರಲ್ಲಿ ನಮ್ಮ ಧಾರವಾಡದಲ್ಲಿ ಹುಟ್ಟಿದ ದಲಿತ ಎಡಗೈ ಸ್ಪಿನ್ನರ್. 1911ರ ಇಂಗ್ಲೆಂಡ್ ಪ್ರವಾಸದಲ್ಲಿ 100ಕ್ಕೂ ಜಾಸ್ತಿ ವಿಕೆಟ್ ತೆಗೆದವರು. ಪುಣೆಯಲ್ಲಿ ಅವರಿಗೆ ಚಹಾ ಕೊಡುತ್ತಿದ್ದದ್ದು ಪೆವಿಲಿಯನ್ ಹೊರಗೆ, ಮಣ್ಣಿನ ಕುಡಿಕೆಯಲ್ಲಿ. ಆಗ ಬಾಂಬೆಯ ದೊಡ್ಡ ಟೂರ್ನಿಯಲ್ಲಿ ಧರ್ಮದ ಲೆಕ್ಕದಲ್ಲಿ ತಂಡಗಳು; ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. ತಮ್ಮ ವಿಠ್ಠಲ್ ಅವರಿಗೆ ಸಿಕ್ಕಿದ್ದು 1923ರಲ್ಲಿ. ಇದನ್ನು ಮೈಕಿನಲ್ಲಿ ಹೇಳಬೇಕು. ನಮ್ಮ ವಿನಯ್ ಕುಮಾರ್ ಅವರನ್ನು ‘ದಾವಣಗೆರೆ ಎಕ್ಸ್‌ಪ್ರೆಸ್’ ಅಂದಾಗ ನನ್ನ ಎದೆಯೂ ಉಬ್ಬುತ್ತದೆ. ಆದರೆ ‘ಆಟೋ ಓಡಿಸುವವರ ಮಗ’ ಅಂತ ಪ್ರತಿ ಓವರ್‌ಗೂ ಹೇಳುತ್ತಾ, ಅವರ ನಾಯಕತ್ವದಲ್ಲಿ ಕರ್ನಾಟಕ 2013-14, 2014-15 ಎರಡೂ ವರ್ಷ ರಣಜಿ ಗೆದ್ದದ್ದನ್ನು ಮರೆತರೆ? ಫೀಲ್ಡ್ ಹೇಗೆ ನಿಲ್ಲಿಸಿದರು ಅಂತ ಹೇಳದೆ ಹೋದರೆ? ಆಗ ಅದೂ ನನ್ನ ಪುಸ್ತಕದ ಎಡಗಡೆಗೇ ಹೋಗುತ್ತದೆ.

ಕಷ್ಟದ ಹೊತ್ತು ಅಂದರೆ ಖಾಲಿ ಹೊತ್ತು. ಮಳೆ ಬಂದು ಮ್ಯಾಟ್ ಒರೆಸುವಾಗ, ಕರೆಂಟ್ ಹೋಗಿ ಜನರೇಟರ್ ಬರುವವರೆಗೆ. ಮೊದಲೆಲ್ಲ ಆಗಲೇ ನನ್ನ ಕೆಟ್ಟ ಜೋಕುಗಳು ಬರುತ್ತಿದ್ದದ್ದು. 2020ರ ಜುಲೈನಲ್ಲಿ ಸೌತಾಂಪ್ಟನ್‌ನಲ್ಲಿ ಮಳೆಗೆ ಆಟ ನಿಂತಾಗ ಕಾಮೆಂಟರಿಗೆ ಬಂದಿದ್ದ ವೆಸ್ಟ್ ಇಂಡೀಸ್‌ನ ಹಳೇ ವೇಗದ ಬೌಲರ್ ಮೈಕಲ್ ಹೋಲ್ಡಿಂಗ್ ಕ್ಯಾಮೆರಾ ಮುಂದೆ ವರ್ಣಭೇದದ ಬಗ್ಗೆ ಮಾತಾಡಿದರು. ಅಷ್ಟು ದೊಡ್ಡ ಮಾತು ನನ್ನಿಂದ ಆಗುವುದಿಲ್ಲ. ನಾನು ಹಳೇ ಆಟಗಾರರ ಕಥೆ ಹೇಳುತ್ತೇನೆ. ಬಾಲೂ ಕುಡಿಕೆಯ ಕಥೆ ಹೇಳಿದ ರಾತ್ರಿ ಜಗಳೂರಿನ ಹತ್ತಿರ ಒಬ್ಬ ಮುದುಕರು ಬಂದು ನನ್ನ ಕೈಯಲ್ಲಿ 100 ರೂಪಾಯಿ ಇಟ್ಟರು. ಏನೂ ಹೇಳಲಿಲ್ಲ.

ಪೂರ್ತಿ ಸರಿಹೋಗಿದ್ದೇನೆ ಅಂತಲ್ಲ. ಪುಸ್ತಕ ಈಗಲೂ ಇಡುತ್ತೇನೆ, ತಿಂಗಳಿಗೆ ಒಂದು ಪಂದ್ಯ ಕೇಳುತ್ತೇನೆ, ಎಡಗಡೆ ಯಾವತ್ತೂ ಖಾಲಿ ಇರುವುದಿಲ್ಲ. ಹೋದ ತಿಂಗಳು ಹೊನ್ನಾಳಿ ಕಡೆ ಫೈನಲ್. ರಾತ್ರಿ ಮೂರು ಗಂಟೆ. ಎತ್ತರದ, ಕಪ್ಪಗಿನ ಕಾರ್ನರ್ ಹುಡುಗ ಒಬ್ಬನೇ ರೈಡರ್‌ನನ್ನು ಎತ್ತಿ ಹೊರಗೆ ಹಾಕಿದ. ‘ಆನೆ ನೋಡಿ, ಕಾ...’ ಅಂತ ಬಾಯಿಗೆ ಬಂದೇ ಬಿಟ್ಟಿತು. ಆಂಪ್ಲಿಫೈಯರ್ ಕಡೆಯಿಂದ ಮೈಕ್ ಸೆಟ್ ಅಣ್ಣ ತಲೆ ಎತ್ತಿ ನೋಡಿದರು.

‘ತಮ್ಮಾ, ವೈರ್ ಏನಾದ್ರೂ ಲೂಸ್ ಆಗಿದೆಯಾ ನೋಡ್ಲಾ?’

‘ಬ್ಯಾಡ ಅಣ್ಣ’ ಅಂದೆ. ‘ಎಡ ಕಾರ್ನರ್, ಜೆರ್ಸಿ ನಂಬರ್ ಏಳು. ರೈಡರ್ ತಿರುಗೋಕೆ ಮೊದಲೇ ಹೆಜ್ಜೆ ಇಟ್ಟಿದ್ದ. ಇನ್ನೊಮ್ಮೆ ಚಪ್ಪಾಳೆ.’