ಜರ್ಮನಿಗೆ ಕೆಲಸಕ್ಕೆ ಬಂದವರ ಕಾಗದಪತ್ರ: ವಿಳಾಸ ನೋಂದಣಿಯಿಂದ ತೆರಿಗೆ ವಿವರದವರೆಗೆ

ಪಾಸ್‌ಪೋರ್ಟಿನ ಮೇಲೆ ಜರ್ಮನಿಯ ಉದ್ಯೋಗ ವೀಸಾ ಅಂಟಿಸಿಕೊಂಡು ಬೆಂಗಳೂರಿನಿಂದ ವಿಮಾನ ಹತ್ತುವವರಲ್ಲಿ ಹೆಚ್ಚಿನವರು ಕಾಗದದ ಕೆಲಸ ಅಲ್ಲಿಗೆ ಮುಗಿಯಿತೆಂದು ತಿಳಿದಿರುತ್ತಾರೆ. ಆದರೆ ಆ ವೀಸಾ ಕೆಲವು ತಿಂಗಳುಗಳ ಮಟ್ಟಿಗೆ ದೇಶದೊಳಗೆ ಬಂದು ಕೆಲಸ ಶುರುಮಾಡಲು ಕೊಟ್ಟ ಪರವಾನಗಿ ಮಾತ್ರ. ನಿಜವಾದ ಕಾಗದಗಳು ಇಲ್ಲಿಗೆ ಬಂದ ಮೇಲೆ ಹುಟ್ಟುತ್ತವೆ, ಅದೂ ಒಂದರ ಬಾಲ ಹಿಡಿದು ಇನ್ನೊಂದು. ಮನೆಯಿಲ್ಲದೆ ವಿಳಾಸ ನೋಂದಣಿಯಿಲ್ಲ, ನೋಂದಣಿಯಿಲ್ಲದೆ ತೆರಿಗೆ ಸಂಖ್ಯೆಯಿಲ್ಲ, ಆ ಸಂಖ್ಯೆಯಿಲ್ಲದೆ ಸಂಬಳದಿಂದ ಕಡಿತವಾಗುವ ತೆರಿಗೆ ಸರಿಹೋಗುವುದಿಲ್ಲ. ಹೀಗಾಗಿ ಎಲ್ಲಕ್ಕೂ ಏಕಕಾಲದಲ್ಲಿ ಓಡಾಡುವುದಕ್ಕಿಂತ ಮೊದಲನೆಯದನ್ನು ಗಟ್ಟಿಮಾಡಿಕೊಳ್ಳುವುದೇ ಜಾಣತನ.

ಮೊದಲನೆಯದು ಆನ್‌ಮೆಲ್ಡುಂಗ್, ಅಂದರೆ ವಿಳಾಸದ ನೋಂದಣಿ. ಮನೆಗೆ ಬಂದು ಸೇರಿದ ಎರಡು ವಾರಗಳೊಳಗೆ ಆ ಊರಿನ ನಾಗರಿಕ ಸೇವಾ ಕಚೇರಿಯಲ್ಲಿ ಹೆಸರು ಬರೆಸಬೇಕೆಂಬುದು ಕಾನೂನು. ಇದಕ್ಕೆ ಪಾಸ್‌ಪೋರ್ಟು ಮತ್ತು ತುಂಬಿದ ಅರ್ಜಿಯ ಜೊತೆಗೆ, ನೀವು ಇಂಥ ದಿನದಿಂದ ಇಲ್ಲಿ ವಾಸಕ್ಕೆ ಬಂದಿದ್ದೀರಿ ಎಂದು ಮನೆಯ ಮಾಲೀಕರು ಸಹಿ ಮಾಡಿದ ದೃಢೀಕರಣ ಪತ್ರ ಬೇಕು. ಬಾಡಿಗೆ ಕರಾರು ಪತ್ರ ಇದಕ್ಕೆ ಬದಲಾಗುವುದಿಲ್ಲ. ದೊಡ್ಡ ಊರುಗಳಲ್ಲಿ ಕೋಣೆಗಳ ಅಭಾವವಿರುವುದರಿಂದ, ‘ಕೋಣೆ ಕೊಡುತ್ತೇವೆ, ಆದರೆ ನೋಂದಣಿ ಮಾಡಿಸುವಂತಿಲ್ಲ’ ಎನ್ನುವ ಜಾಹೀರಾತುಗಳು ಹೊಸಬರ ಕಣ್ಣಿಗೆ ಬೀಳುತ್ತಲೇ ಇರುತ್ತವೆ. ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಅಂಥ ಕೋಣೆಯನ್ನು ಹಿಡಿಯಬೇಡಿ ಎಂಬುದು ನನ್ನ ಖಚಿತ ಸಲಹೆ. ಅಲ್ಲಿ ಉಳಿಸಿದ ಹಣ ಮುಂದೆ ಸಂಬಳದಲ್ಲಿ ಕಡಿತವಾಗಿ ಹೋಗುತ್ತದೆ. ಕಚೇರಿಯ ಭೇಟಿಯ ದಿನಾಂಕ ಎರಡು ವಾರದೊಳಗೆ ಸಿಗದಿದ್ದರೆ, ಗಡುವಿನೊಳಗೇ ಬುಕ್ ಮಾಡಿದ್ದೀರಿ ಎಂಬುದನ್ನು ತೋರಿಸುವ ಇಮೇಲನ್ನು ಮುದ್ರಿಸಿಟ್ಟುಕೊಳ್ಳಿ.

ಆ ಅರ್ಜಿಯಲ್ಲಿ ಎರಡು ಅಂಕಣಗಳನ್ನು ನಿಧಾನವಾಗಿ ನೋಡಬೇಕು. ಒಂದು ಧರ್ಮದ್ದು. ಈ ಪ್ರಶ್ನೆ ಕೇಳುವುದು ಚರ್ಚಿನ ಪರವಾಗಿ ಸರ್ಕಾರವೇ ಸಂಗ್ರಹಿಸುವ ತೆರಿಗೆಗಾಗಿ. ಕ್ಯಾಥೊಲಿಕ್ ಅಥವಾ ಪ್ರಾಟೆಸ್ಟಂಟ್ ಎಂದು ಬರೆದವರ ಆದಾಯ ತೆರಿಗೆಯ ಮೇಲೆ ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯಗಳಲ್ಲಿ ಶೇಕಡಾ 8, ಉಳಿದ ರಾಜ್ಯಗಳಲ್ಲಿ ಶೇಕಡಾ 9 ಹೆಚ್ಚುವರಿಯಾಗಿ ಕಡಿತವಾಗುತ್ತದೆ. ಮಂಗಳೂರು ಕಡೆಯ ಕ್ಯಾಥೊಲಿಕ್ ಗೆಳೆಯರು ಇದನ್ನು ತಿಳಿದೇ ತುಂಬುವುದು ಒಳ್ಳೆಯದು. ಉಳಿದವರು ಈ ತೆರಿಗೆ ಸಂಗ್ರಹಿಸುವ ಯಾವ ಪಂಥಕ್ಕೂ ಸೇರಿಲ್ಲವೆಂದು ನಮೂದಿಸಿದರೆ ಸಾಕು.

ಇನ್ನೊಂದು ಅಂಕಣ ಹೆಸರಿನದು. ಇಲ್ಲಿ ನಮ್ಮವರಿಗೆ ಒದಗುವ ತೊಡಕು ಬೇರೆಯವರಿಗೆ ಅಷ್ಟಾಗಿ ಬಾರದು. ಶಾಲೆಯ ದಾಖಲೆಯಲ್ಲಿ ಬರೀ ಇನಿಶಿಯಲ್ ಆಗಿದ್ದದ್ದು ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು ಮತ್ತು ತಂದೆಯ ಹೆಸರಾಗಿ ಬಿಡಿಸಿಕೊಂಡಿರುತ್ತದೆ; ಕೆಲವರ ಪಾಸ್‌ಪೋರ್ಟಿನಲ್ಲಿ ಕುಲನಾಮದ ಜಾಗವೇ ಖಾಲಿಯಿರುತ್ತದೆ. ಇಲ್ಲಿನ ಗುಮಾಸ್ತರಿಗೆ ಕುಲನಾಮ ಬೇಕೇ ಬೇಕು, ಯಾವುದನ್ನು ಹಾಗೆ ತೆಗೆದುಕೊಳ್ಳಬೇಕೆಂದು ಅವರು ಆ ಕ್ಷಣದಲ್ಲಿ ತೀರ್ಮಾನಿಸಿಬಿಡುತ್ತಾರೆ. ನೋಂದಣಿಯಲ್ಲಿ ಬಿದ್ದ ಹೆಸರು ತೆರಿಗೆ ಇಲಾಖೆಗೂ ಅಲ್ಲಿಂದಲೇ ಹೋಗುತ್ತದೆ. ಆದ್ದರಿಂದ ಕೌಂಟರಿನಲ್ಲಿ ಕೊಟ್ಟ ನೋಂದಣಿ ಪತ್ರವನ್ನು ಮಡಚಿ ಚೀಲಕ್ಕೆ ಹಾಕುವ ಮೊದಲು, ಎದುರಿಗಿನವರು ಕಾಯುತ್ತಿದ್ದರೂ ಚಿಂತೆಯಿಲ್ಲ, ಪಾಸ್‌ಪೋರ್ಟನ್ನು ಪಕ್ಕದಲ್ಲಿಟ್ಟುಕೊಂಡು ಅಕ್ಷರ ಅಕ್ಷರವಾಗಿ ಓದಿ. ಅಲ್ಲಿಯೇ ತಿದ್ದಿಸಿದರೆ ಎರಡು ನಿಮಿಷದ ಕೆಲಸ. ಮನೆಗೆ ಬಂದ ಮೇಲೆ ನೋಡಿದರೆ ಮತ್ತೊಂದು ಭೇಟಿಯ ದಿನಾಂಕಕ್ಕಾಗಿ ಕಾಯಬೇಕು.

ಇಷ್ಟಾದ ಮೇಲೆ ಮಾಡಬೇಕಾದ ಕೆಲಸ ಅಂಚೆ ಪೆಟ್ಟಿಗೆಯ ಮೇಲೆ ಹೆಸರು ಅಂಟಿಸುವುದು. ಇದನ್ನು ಓದಿ ನಗು ಬರಬಹುದು, ಆದರೆ ನನಗೆ ಮೊದಲ ಎರಡು ತಿಂಗಳು ಪೆಟ್ಟಾದದ್ದು ಇಲ್ಲಿಯೇ. ಇಲ್ಲಿನ ವಸತಿ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟಿಗೆ ಸಂಖ್ಯೆಯಿರುವುದಿಲ್ಲ, ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ನೋಡಿ ಪತ್ರ ಹಾಕುತ್ತಾರೆ. ನಾನಿದ್ದ ಮನೆಯ ಪೆಟ್ಟಿಗೆಯ ಮೇಲೆ ಹಿಂದಿನ ಬಾಡಿಗೆದಾರರ ಹೆಸರೇ ಇತ್ತು. ನಾನು ಅದನ್ನು ಗಮನಿಸಲಿಲ್ಲ, ತೆರಿಗೆ ಸಂಖ್ಯೆಯ ಪತ್ರ ಬಂದ ದಾರಿಯಲ್ಲೇ ಹಿಂದಿರುಗಿತು. ಕೊನೆಗೆ ಬಿಳಿ ಕಾಗದದ ಚೂರಿನಲ್ಲಿ ನೋಂದಣಿಯಲ್ಲಿದ್ದಂತೆಯೇ ಕುಲನಾಮ ಬರೆದು ಅಂಟುಪಟ್ಟಿ ಹಚ್ಚಿದ ಮೇಲೆ ಪತ್ರಗಳು ಬರತೊಡಗಿದವು.

ತೆರಿಗೆ ಸಂಖ್ಯೆಯ ಆ ಪತ್ರವನ್ನು ಕಳುಹಿಸುವುದು ಬಾನ್ ನಗರದಲ್ಲಿ ಮುಖ್ಯ ಕಚೇರಿಯಿರುವ ಕೇಂದ್ರ ತೆರಿಗೆ ಕಚೇರಿ. ಅದರಲ್ಲಿ 11 ಅಂಕಿಗಳ ಷ್ಟೊಯರ್ ಐಡಿ, ಅಂದರೆ ತೆರಿಗೆ ಗುರುತಿನ ಸಂಖ್ಯೆ ಇರುತ್ತದೆ. ಇದು ಜೀವನಪರ್ಯಂತ ಬದಲಾಗುವುದಿಲ್ಲ, ನಮ್ಮ ಪ್ಯಾನ್ ಇದ್ದ ಹಾಗೆ. ಮುಂದೆ ತೆರಿಗೆ ವಿವರ ಸಲ್ಲಿಸಿದಾಗ ಸ್ಥಳೀಯ ತೆರಿಗೆ ಕಚೇರಿಯಾದ ಫಿನಾನ್ಸ್‌ಆಮ್ಟ್ ಕೊಡುವ ಷ್ಟೊಯರ್‌ನುಮ್ಮರ್ ಬೇರೆ, ಪಿಂಚಣಿ ಮತ್ತು ಆರೋಗ್ಯ ವಿಮೆಗೆ ಸಂಬಂಧಿಸಿದ ಸಾಮಾಜಿಕ ವಿಮಾ ಸಂಖ್ಯೆ ಮತ್ತೂ ಬೇರೆ; ಮೂರನ್ನೂ ಕಲಸಿಕೊಳ್ಳಬಾರದು. ಷ್ಟೊಯರ್ ಐಡಿಯನ್ನು ಸಂಸ್ಥೆಗೆ ಕೊಡದೆ ಬಹಳ ದಿನ ಬಿಟ್ಟರೆ ತಿಂಗಳ ಕಡಿತ ಎಷ್ಟೆಂದು ನಿರ್ಧರಿಸುವ ತೆರಿಗೆ ವರ್ಗಗಳಲ್ಲಿ ಅತಿ ಹೆಚ್ಚು ಕಡಿತವಿರುವ 6ನೆಯದಕ್ಕೆ ನಿಮ್ಮನ್ನು ಸೇರಿಸುತ್ತಾರೆ. ಆ ಹಣ ಮುಳುಗುವುದಿಲ್ಲ, ಆದರೆ ಹೊಸ ಊರಿನಲ್ಲಿ ಮುಂಗಡ ಬಾಡಿಗೆ ಕಟ್ಟಿ ಕೈ ಖಾಲಿಯಾಗಿರುವ ಹೊತ್ತಿನಲ್ಲಿ ಅದರ ಬಿಸಿ ತಟ್ಟುತ್ತದೆ. ಇದೇ ದಿನಗಳಲ್ಲಿ ಸಾರ್ವಜನಿಕ ರೇಡಿಯೊ, ಟಿವಿಗಾಗಿ ವಸೂಲು ಮಾಡುವ ಪ್ರಸಾರ ಶುಲ್ಕದ ಪತ್ರವೂ ಬರುತ್ತದೆ. ಮನೆಯಲ್ಲಿ ಟಿವಿ ಇಲ್ಲದಿದ್ದರೂ ಒಂದು ಮನೆಗೆ ತಿಂಗಳಿಗೆ 18.36 ಯೂರೊ ಕಟ್ಟಲೇಬೇಕು. ಮೋಸದ ಪತ್ರವೆಂದು ಹರಿದು ಹಾಕಬೇಡಿ. ಹಂಚಿಕೊಂಡ ಮನೆಯಾದರೆ ಒಬ್ಬರು ಕಟ್ಟಿದರೆ ಸಾಕು.

ತೆರಿಗೆ ವರ್ಗದ ವಿಷಯದಲ್ಲಿ ಮದುವೆಯಾದವರ ಪ್ರಶ್ನೆಗಳೇ ಹೆಚ್ಚು. ಅವಿವಾಹಿತರು 1ನೇ ವರ್ಗ. ಮದುವೆಯಾಗಿದ್ದು ಹೆಂಡತಿ ಅಥವಾ ಗಂಡ ಇನ್ನೂ ಭಾರತದಲ್ಲಿದ್ದರೂ ಅದೇ ವರ್ಗ. ಸಂಗಾತಿ ಇಲ್ಲಿಗೆ ಬಂದು ನೋಂದಣಿಯಾದ ಮೇಲೆ ಇಬ್ಬರೂ 4ನೇ ವರ್ಗಕ್ಕೆ ಬರುತ್ತಾರೆ. ಬೇಕಿದ್ದರೆ ಅರ್ಜಿ ಹಾಕಿ ಒಬ್ಬರು 3, ಇನ್ನೊಬ್ಬರು 5 ಎಂದು ಬದಲಿಸಿಕೊಳ್ಳಬಹುದು. ಇದಕ್ಕೆ ಉಪನೋಂದಣಾಧಿಕಾರಿಯ ಕಚೇರಿಯಿಂದ ಪಡೆದ ವಿವಾಹ ನೋಂದಣಿ ಪತ್ರವೂ, ಕೇಳಿದಲ್ಲಿ ಪ್ರಮಾಣಿತ ಅನುವಾದಕರು ಮಾಡಿದ ಜರ್ಮನ್ ಅನುವಾದವೂ ಬೇಕು. ಲಗ್ನಪತ್ರಿಕೆ, ಛತ್ರದ ರಸೀದಿಗಳು ನಡೆಯುವುದಿಲ್ಲ. ಒಬ್ಬರೇ ದುಡಿಯುವ ಮನೆಯಲ್ಲಿ 3ನೇ ವರ್ಗದಿಂದ ತಿಂಗಳ ಸಂಬಳ ಚೆನ್ನಾಗಿಯೇ ಏರುತ್ತದೆ. ಆದರೆ ವರ್ಷದ ಒಟ್ಟು ತೆರಿಗೆ ಅದರಿಂದ ಕಡಿಮೆಯಾಗುವುದಿಲ್ಲ, ಅದು ತೀರ್ಮಾನವಾಗುವುದು ವರ್ಷಾಂತ್ಯದ ಲೆಕ್ಕದಲ್ಲಿ. 3 ಮತ್ತು 5ನ್ನು ಆರಿಸಿದವರಿಗೆ ತೆರಿಗೆ ವಿವರ ಸಲ್ಲಿಸುವುದು ಕಡ್ಡಾಯವಾಗುತ್ತದೆ. ಇಬ್ಬರೂ ದುಡಿಯುತ್ತಿದ್ದು ಮಗುವಿನ ನಿರೀಕ್ಷೆಯಲ್ಲಿದ್ದರೆ ಇನ್ನೂ ಒಂದು ಮಾತು: ಮಗುವನ್ನು ನೋಡಿಕೊಳ್ಳಲು ಕೆಲಸ ಬಿಟ್ಟಿರುವ ತಿಂಗಳುಗಳಿಗೆ ಸರ್ಕಾರ ಕೊಡುವ ಪೋಷಕರ ಭತ್ಯೆಯ ಲೆಕ್ಕ ಕೈಗೆ ಬರುವ ಸಂಬಳದ ಮೇಲಿರುವುದರಿಂದ, ಭತ್ಯೆ ಪಡೆಯಲಿರುವವರನ್ನು ಕಡಿತ ಹೆಚ್ಚಿರುವ 5ನೇ ವರ್ಗದಲ್ಲಿಡುವುದು ನಷ್ಟದ ವ್ಯವಹಾರ.

ವಾಸದ ಪರವಾನಗಿಗೆ ವೀಸಾ ಮುಗಿಯುವುದಕ್ಕೆ ಮೊದಲೇ ವಿದೇಶಿಯರ ಕಚೇರಿಗೆ ಅರ್ಜಿ ಹಾಕಬೇಕು. ಪದವೀಧರರಲ್ಲಿ ಅನೇಕರು ಕೇಳುವುದು ಬ್ಲೂ ಕಾರ್ಡ್, ಅಂದರೆ ಒಳ್ಳೆಯ ಸಂಬಳದ ಪದವೀಧರರಿಗೆಂದೇ ಇರುವ ಐರೋಪ್ಯ ಒಕ್ಕೂಟದ ವಾಸದ ಪರವಾನಗಿ. 2025ರಲ್ಲಿ ಅದಕ್ಕೆ ವರ್ಷಕ್ಕೆ ಕನಿಷ್ಠ 48,300 ಯೂರೊ ಸಂಬಳ ಬೇಕಿತ್ತು, ಐಟಿಯೂ ಸೇರಿದಂತೆ ಕೊರತೆಯಿರುವ ವೃತ್ತಿಗಳಲ್ಲಿ 43,759.80 ಯೂರೊ ಸಾಕಿತ್ತು. ಈ ಮಿತಿ ಪ್ರತಿ ಜನವರಿಯಲ್ಲಿ ಬದಲಾಗುತ್ತದೆ. 2025ರ ಮೇ 1ರಿಂದ ಕಾರ್ಡಿಗೆ ಕಾಗದದ ಫೋಟೊ ನಡೆಯುವುದಿಲ್ಲ, ಡಿಜಿಟಲ್ ಫೋಟೊವೇ ಬೇಕು. ಊರಿನ ಸ್ಟುಡಿಯೊದಲ್ಲಿ ತೆಗೆಸಿ ತಂದ ಡಜನ್ ಫೋಟೊಗಳು ಇದಕ್ಕೆ ಉಪಯೋಗಕ್ಕೆ ಬಾರವು. ಬ್ಲೂ ಕಾರ್ಡಿನ ಮೊದಲ 12 ತಿಂಗಳಲ್ಲಿ ಕೆಲಸ ಬದಲಿಸಿದರೆ ಕಚೇರಿಗೆ ತಿಳಿಸಲೇಬೇಕು. ಕಾಯಂ ವಾಸದ ಪರವಾನಗಿ 27 ತಿಂಗಳ ನಂತರ ಸಿಗುತ್ತದೆ. ಜರ್ಮನ್ ಭಾಷೆಯಲ್ಲಿ ಬಿ1 ಎಂಬ ಮಧ್ಯಮ ಮಟ್ಟ ಮುಟ್ಟಿದ್ದರೆ 21 ತಿಂಗಳಿಗೇ ಸಿಗುತ್ತದೆ. ಸಂಜೆಯ ಭಾಷಾ ತರಗತಿಗೆ ಹೋಗಲು ಇದಕ್ಕಿಂತ ದೊಡ್ಡ ಕಾರಣ ಬೇಡ.

ಅರ್ಜಿ ಕೊಟ್ಟ ಮೇಲೆ ಕಾರ್ಡು ಬರಲು ತಿಂಗಳುಗಳೇ ಹಿಡಿಯಬಹುದು. ಆ ಮಧ್ಯಂತರದಲ್ಲಿ ಕೊಡುವ ತಾತ್ಕಾಲಿಕ ಪತ್ರದಲ್ಲಿ ಗುರುತು ಹಾಕುವ ಚೌಕಗಳಿರುತ್ತವೆ. ನಿವಾಸ ಕಾನೂನಿನ 81ನೇ ಕಲಮಿನ 4ನೇ ಉಪಕಲಮಿನ ಚೌಕದಲ್ಲಿ ಗುರುತಿದ್ದರೆ ಹಳೆಯ ಪರವಾನಗಿಯೇ ಮುಂದುವರಿಯುತ್ತದೆ, ಭಾರತಕ್ಕೆ ಹೋಗಿ ಮರಳಿ ಬರಬಹುದು. 3ನೇ ಉಪಕಲಮಿನ ಚೌಕದಲ್ಲಿದ್ದರೆ ಇಲ್ಲಿ ಇರಬಹುದಷ್ಟೇ, ಹೊರಗೆ ಹೋದರೆ ಆ ಪತ್ರದ ಮೇಲೆ ಮರಳಿ ಬರುವಂತಿಲ್ಲ. ಹಬ್ಬಕ್ಕೆ ಟಿಕೆಟ್ ಕಾಯ್ದಿರಿಸುವ ಮೊದಲು ಈ ಗುರುತನ್ನು ಕಣ್ಣಾರೆ ನೋಡಿಕೊಳ್ಳಿ. ಮರಳುವಾಗ ಬೇರೆ ಐರೋಪ್ಯ ದೇಶದಲ್ಲಿ ವಿಮಾನ ಬದಲಿಸದೆ, ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಅಥವಾ ಮ್ಯೂನಿಕ್‌ಗೆ ನೇರವಾಗಿ ಬರುವುದು ಕ್ಷೇಮ.

ಇನ್ನು ಭಾರತದ ಕಡೆಯ ಲೆಕ್ಕ. ನಮ್ಮವರು ಅಲಕ್ಷ್ಯ ಮಾಡುವುದು ಇದನ್ನೇ. ಜರ್ಮನಿಯ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್, ನಮ್ಮದು ಏಪ್ರಿಲ್‌ನಿಂದ ಮಾರ್ಚ್. ಉದ್ಯೋಗಕ್ಕೆಂದು ದೇಶ ಬಿಟ್ಟ ಭಾರತೀಯ ಪ್ರಜೆ ಆ ವರ್ಷ 182 ದಿನಗಳಿಗಿಂತ ಕಡಿಮೆ ಭಾರತದಲ್ಲಿದ್ದರೆ ಅನಿವಾಸಿಯಾಗುತ್ತಾನೆ, ಜರ್ಮನಿಯ ಸಂಬಳಕ್ಕೆ ಭಾರತದಲ್ಲಿ ತೆರಿಗೆಯಿಲ್ಲ. ಏಪ್ರಿಲ್ 1ರಿಂದ ಎಣಿಸಿದರೆ ಸೆಪ್ಟೆಂಬರ್ 28ಕ್ಕೆ 181 ದಿನಗಳಾಗುತ್ತವೆ, 29ಕ್ಕೆ 182. ಹೊರಡುವ ದಿನವನ್ನೂ ಲೆಕ್ಕಕ್ಕೆ ಸೇರಿಸುವುದು ಸುರಕ್ಷಿತ. ಆದರೆ ಲೆಕ್ಕ ಅಲ್ಲಿಗೇ ನಿಲ್ಲುವುದಿಲ್ಲ. ಸೆಪ್ಟೆಂಬರ್ 20ರಂದು ಹೊರಟವರು 173 ದಿನ ಕಳೆದಿರುತ್ತಾರೆ. ತಂಗಿಯ ಮದುವೆಗೆಂದು ಡಿಸೆಂಬರಿನಲ್ಲಿ ಮೂರು ವಾರ ಬಂದು ಹೋದರೆ ಅದು 194 ಆಗಿ, ಆ ಇಡೀ ವರ್ಷಕ್ಕೆ ಅವರು ಭಾರತದ ನಿವಾಸಿಗಳೇ ಆಗುತ್ತಾರೆ. ಆಗ ಜರ್ಮನಿಯ ಸಂಬಳವನ್ನೂ ಜರ್ಮನಿಯ ಬ್ಯಾಂಕ್ ಖಾತೆಯನ್ನೂ ಭಾರತದ ರಿಟರ್ನ್ಸ್‌ನಲ್ಲಿ ತೋರಿಸಿ, ಜರ್ಮನಿಯಲ್ಲಿ ಕಟ್ಟಿದ ತೆರಿಗೆಗೆ ಎರಡು ದೇಶಗಳ ನಡುವೆ 1995ರಲ್ಲಿ ಸಹಿಯಾದ ದ್ವಿತೆರಿಗೆ ತಪ್ಪಿಸುವ ಒಪ್ಪಂದದಡಿ ಪರಿಹಾರ ಕೇಳಬೇಕಾಗುತ್ತದೆ. ವರ್ಷಗಳು ಒಂದಕ್ಕೊಂದು ಹೊಂದದ ಕಾರಣ ಪ್ರತಿ ತಿಂಗಳ ಸಂಬಳದ ಚೀಟಿಯನ್ನೂ ಬಿಡದೆ ಇಟ್ಟುಕೊಂಡಿರಬೇಕು. ಕೆಲಸ ಸೇರುವ ದಿನವನ್ನು ಸಂಸ್ಥೆಯೊಂದಿಗೆ ಮಾತಾಡಿ ಒಂದೆರಡು ವಾರ ಹಿಂದೆ ಮುಂದೆ ಮಾಡಿಕೊಳ್ಳುವ ಅವಕಾಶವಿದ್ದರೆ, ಇದನ್ನು ಟಿಕೆಟ್ ಕೊಳ್ಳುವ ಮೊದಲೇ ಯೋಚಿಸಬೇಕು.

ಅನಿವಾಸಿಯಾದ ಮೇಲೆ ಊರಿನ ಉಳಿತಾಯ ಖಾತೆಯನ್ನು ಹಾಗೆಯೇ ಬಿಡುವಂತಿಲ್ಲ, ಅನಿವಾಸಿಗಳು ಭಾರತದೊಳಗಿನ ಆದಾಯವನ್ನು ಇಡುವ ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕು. ಅದರ ಬಡ್ಡಿಯ ಮೇಲೆ ಬ್ಯಾಂಕು ಶೇಕಡಾ 30ರ ದರದಲ್ಲಿ, ಸೆಸ್ ಬೇರೆ ಸೇರಿಸಿ, ಮೂಲದಲ್ಲೇ ತೆರಿಗೆ ಹಿಡಿಯುತ್ತದೆ. ಒಪ್ಪಂದದ ಪ್ರಕಾರ ಬಡ್ಡಿಗೆ ಇರುವ ಮಿತಿ ಶೇಕಡಾ 10. ಆ ದರ ಪಡೆಯಲು ನೀವು ಜರ್ಮನಿಯ ತೆರಿಗೆ ನಿವಾಸಿ ಎಂಬ ಪ್ರಮಾಣಪತ್ರವನ್ನು ಫಿನಾನ್ಸ್‌ಆಮ್ಟ್‌ನಿಂದ ತಂದು ಬ್ಯಾಂಕಿಗೆ ಕೊಡಬೇಕು. ವಿದೇಶದ ಗಳಿಕೆಯನ್ನು ಇಡುವ ಎನ್‌ಆರ್‌ಇ ಠೇವಣಿ ಮತ್ತು ಪಿಪಿಎಫ್ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲವೆಂದು ಬ್ಯಾಂಕಿನವರು ಹೇಳುವುದು ನಿಜವೇ. ಆದರೆ ಜರ್ಮನಿಯಲ್ಲಿ ನೆಲೆಸಿದವರಿಗೆ ಜಗತ್ತಿನ ಎಲ್ಲ ಕಡೆಯ ಆದಾಯವೂ ಲೆಕ್ಕಕ್ಕೆ ಬರುವುದರಿಂದ, ಒಬ್ಬರಿಗೆ ವರ್ಷಕ್ಕೆ 1,000 ಯೂರೊ ವಿನಾಯಿತಿ ಕಳೆದು ಮಿಕ್ಕಿದ್ದಕ್ಕೆ ಇಲ್ಲಿ ತೆರಿಗೆ ಬೀಳುತ್ತದೆ. ‘ತೆರಿಗೆ ಮುಕ್ತ’ ಎಂಬ ಮಾತಿಗೆ ಯಾವ ದೇಶದಲ್ಲಿ ಎಂದು ಕೇಳುವ ಅಭ್ಯಾಸ ಮಾಡಿಕೊಳ್ಳಬೇಕು.

ಜರ್ಮನಿಯ ವಾರ್ಷಿಕ ತೆರಿಗೆ ವಿವರವನ್ನು ಎಲ್‌ಸ್ಟರ್ ಎಂಬ ಸರ್ಕಾರಿ ಜಾಲತಾಣದಲ್ಲಿ ಸಲ್ಲಿಸಬಹುದು. ಕಡ್ಡಾಯವಿರುವವರಿಗೆ ಮುಂದಿನ ವರ್ಷದ ಜುಲೈ 31 ಗಡುವು. ಸ್ವಇಚ್ಛೆಯಿಂದ ಸಲ್ಲಿಸುವವರಿಗೆ ನಾಲ್ಕು ವರ್ಷಗಳಿವೆ. ಬಂದ ವರ್ಷದ ವಿವರವನ್ನು ಮಾತ್ರ ಯಾರೂ ಬಿಡಬಾರದು. ವರ್ಷದ ನಡುವೆ ಬಂದವರ ಸಂಬಳದಿಂದ ತಿಂಗಳು ತಿಂಗಳೂ ಇಡೀ ವರ್ಷ ದುಡಿದವರ ದರದಲ್ಲಿ ತೆರಿಗೆ ಹಿಡಿದಿರುತ್ತಾರೆ, ಆದ್ದರಿಂದ ಮರಳಿ ಬರುವ ಮೊತ್ತ ಹಲವರಿಗೆ ಸಾಕಷ್ಟಿರುತ್ತದೆ. ಅದೇ ವರ್ಷ ಭಾರತದಲ್ಲಿ ಗಳಿಸಿದ ಸಂಬಳವನ್ನೂ ತೋರಿಸಬೇಕು. ಅದಕ್ಕೆ ಇಲ್ಲಿ ತೆರಿಗೆ ಹಾಕುವುದಿಲ್ಲ, ಇಲ್ಲಿನ ಆದಾಯದ ಮೇಲಿನ ದರವನ್ನು ನಿರ್ಧರಿಸಲು ಮಾತ್ರ ಬಳಸುತ್ತಾರೆ. ಸಂಗಾತಿ ಡಿಸೆಂಬರಿನಲ್ಲಿ ಬಂದು ನೆಲೆಸಿದರೂ ಆ ವರ್ಷಕ್ಕೆ ಜಂಟಿಯಾಗಿ ಸಲ್ಲಿಸಬಹುದು. ಕೆಲಸಕ್ಕೆ ಸಂಬಂಧಿಸಿದ ಖರ್ಚೆಂದು 1,230 ಯೂರೊವನ್ನು ಏನೂ ಕೇಳದೆ ಕಳೆಯುತ್ತಾರೆ; ವಿಮಾನದ ಟಿಕೆಟ್, ಸಾಮಾನು ಸಾಗಣೆ, ವೀಸಾ ಶುಲ್ಕಗಳಲ್ಲಿ ಸಂಸ್ಥೆ ಭರಿಸದೇ ಇದ್ದದ್ದನ್ನು ಕೂಡಿಸಿ ಅದಕ್ಕಿಂತ ಹೆಚ್ಚಾದರೆ ರಸೀದಿಗಳೊಂದಿಗೆ ಪೂರ್ತಿ ಕೇಳಬಹುದು. ಜರ್ಮನ್ ಬಾರದವರು ನೌಕರರ ತೆರಿಗೆ ಸಹಾಯ ಸಂಘಕ್ಕೆ ಸದಸ್ಯತ್ವ ಶುಲ್ಕ ಕಟ್ಟಿ ಅವರಿಂದಲೇ ಮಾಡಿಸಿಕೊಳ್ಳುವುದು ಮೇಲು.

ಎಂದಾದರೂ ಊರಿಗೆ ಮರಳುವುದಾದರೆ ವಿಳಾಸ ನೋಂದಣಿಯನ್ನು ರದ್ದು ಮಾಡಿಸಿಯೇ ಹೊರಡಬೇಕು. ಇದನ್ನು ಮನೆ ಬಿಡುವ ಒಂದು ವಾರ ಮೊದಲಿನಿಂದ, ಬಿಟ್ಟ ಎರಡು ವಾರಗಳೊಳಗೆ ಮಾಡಬೇಕು. ಪ್ರಸಾರ ಶುಲ್ಕ ನಿಲ್ಲಿಸಲು ಆ ರದ್ದತಿಯ ಪತ್ರ ಬೇಕಾಗುತ್ತದೆ. ತೆರಿಗೆ ಕಚೇರಿಯ ಕೊನೆಯ ಆದೇಶ ಪತ್ರ ನೀವು ಹೋದ ಮೇಲೆಯೇ ಬರುವುದರಿಂದ, ಇಲ್ಲಿಯೇ ಉಳಿಯುವ ನಂಬಿಕಸ್ಥರೊಬ್ಬರ ವಿಳಾಸವನ್ನು ಅವರ ಒಪ್ಪಿಗೆ ಪಡೆದು ಕಚೇರಿಗೆ ಬರೆದು ತಿಳಿಸಿ, ಅವರ ಅಂಚೆ ಪೆಟ್ಟಿಗೆಯ ಮೇಲೆ ನಿಮ್ಮ ಹೆಸರಿನ ಚೀಟಿಯನ್ನೂ ಅಂಟಿಸಿ ಬನ್ನಿ.