ಕೈಯಾರೆ ಸರಕು ಇಳಿಸಬೇಕಾದ ಲಾರಿ ಕೆಲಸ: ಒಪ್ಪಿಕೊಳ್ಳುವ ಮುನ್ನ ಹಾಕಬೇಕಾದ ಲೆಕ್ಕ

ಲಾರಿ ಓಡಿಸುವುದರ ಜೊತೆಗೆ ಸರಕನ್ನೂ ಚಾಲಕನೇ ಇಳಿಸಬೇಕಾದ ಕೆಲಸಗಳಿಗೆ ಸಾಮಾನ್ಯವಾಗಿ ಹೆಚ್ಚಿನ ಸಂಬಳ ಹೇಳುತ್ತಾರೆ. ಆದರೆ ಆ ಸಂಬಳ ಎಷ್ಟು ಗಂಟೆಯ ದುಡಿಮೆಗೆ, ಎಷ್ಟು ತೂಕ ಹೊತ್ತಿದ್ದಕ್ಕೆ ಎಂದು ಬಿಡಿಸಿ ನೋಡದ ಹೊರತು ಅದು ನಿಜವಾಗಿ ಹೆಚ್ಚೋ ಕಡಿಮೆಯೋ ತಿಳಿಯುವುದಿಲ್ಲ.

ತಲಾ 12 ಕಿಲೋ ತೂಗುವ 800 ಪೆಟ್ಟಿಗೆಗಳ ಒಂದು ಲೋಡನ್ನು ತೆಗೆದುಕೊಳ್ಳಿ. ಒಟ್ಟು 9,600 ಕಿಲೋ ಒಬ್ಬನ ಕೈಯ ಮೇಲೆ ಹಾದುಹೋಗಬೇಕು. ನಿಮಿಷಕ್ಕೆ 4 ಪೆಟ್ಟಿಗೆಯಂತೆ ಎಲ್ಲಿಯೂ ನಿಲ್ಲದೆ ಇಳಿಸಿದರೂ 3 ಗಂಟೆ 20 ನಿಮಿಷ ಹಿಡಿಯುತ್ತದೆ. ಇದಕ್ಕೆ ಗೇಟಿನಲ್ಲಿ ಕಾಯುವುದು, ಎಣಿಕೆ, ರಸೀದಿಗೆ ಸಹಿ ಎಂದು 1 ಗಂಟೆ 40 ನಿಮಿಷ ಸೇರಿಸಿ. ಓಡಿಸುವ ಅವಧಿ 5 ಗಂಟೆಯಾದರೆ ದಿನಕ್ಕೆ 10 ಗಂಟೆಯಾಯಿತು. ಸಂಬಳ ಬರೀ ಕಿಲೋಮೀಟರ್ ಲೆಕ್ಕದಲ್ಲಿದ್ದರೆ ಅರ್ಧ ದಿನದ ದುಡಿಮೆಗೆ ಪ್ರತ್ಯೇಕವಾಗಿ ಏನೂ ಸಿಗದು. ಆದ್ದರಿಂದ ಬರುವ ಮೊತ್ತವನ್ನು ಯಾವಾಗಲೂ ಒಟ್ಟು ಗಂಟೆಗಳಿಂದ ಭಾಗಿಸಿ, ಇಳಿಸುವ ಕೆಲಸವಿಲ್ಲದ ಹುದ್ದೆಯ ಗಂಟೆಯ ಸಂಬಳದೊಡನೆ ಹೋಲಿಸಬೇಕು.

ಗಂಟೆಯ ಲೆಕ್ಕದ ಸಂಬಳವೇ ಮೇಲೆಂಬುದು ನನ್ನ ಅಭಿಪ್ರಾಯ. ಪೆಟ್ಟಿಗೆಗೆ ಇಂತಿಷ್ಟು ಎಂಬ ಲೆಕ್ಕ ಚುರುಕಾಗಿ ದುಡಿಯುವವರಿಗೆ ಲಾಭವೆನಿಸಿದರೂ ಕಾದ ಹೊತ್ತಿಗೆ ಅದರಲ್ಲಿ ಬೆಲೆಯಿಲ್ಲ, ಅವಸರದಲ್ಲಿ ಮೈ ನೋಯಿಸಿಕೊಳ್ಳುವ ಅಪಾಯವೂ ಹೆಚ್ಚು. ಕಾಯುವಿಕೆಗೆ ಹಣವುಂಟೇ, ಒಡೆದ ಸರಕಿನ ನಷ್ಟ ಯಾರ ಮೇಲೆ, ಟ್ರಾಲಿ ಮತ್ತು ಇಳಿಜಾರು ಹಲಗೆ ಕೊಡುತ್ತಾರೆಯೇ ಎಂಬುದನ್ನೆಲ್ಲ ಬರಹದಲ್ಲಿ ಪಡೆಯಿರಿ. ಸಾಧ್ಯವಾದರೆ ಅದೇ ದಾರಿಯ ಹಳೆಯ ಚಾಲಕರೊಡನೆ ಒಂದು ದಿನ ಹೋಗಿಬನ್ನಿ.

ದೇಹದ ಲೆಕ್ಕ ಇನ್ನೂ ಮುಖ್ಯ. ಅಮೆರಿಕದ ರಾಷ್ಟ್ರೀಯ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು 1991ರಲ್ಲಿ ಪರಿಷ್ಕರಿಸಿದ ಸೂತ್ರದ ಪ್ರಕಾರ, ಎಲ್ಲವೂ ಅನುಕೂಲವಾಗಿದ್ದಾಗ ಎತ್ತಬಹುದಾದ ತೂಕ 23 ಕಿಲೋ. ಅದೇ ಹೊರೆ ದೇಹದಿಂದ 25 ಸೆಂಟಿಮೀಟರಿನ ಬದಲು 50 ಸೆಂಟಿಮೀಟರ್ ದೂರವಿದ್ದರೆ ಆ ಮಿತಿ ಅರ್ಧಕ್ಕೆ, ಅಂದರೆ 11.5 ಕಿಲೋಗೆ ಇಳಿಯುತ್ತದೆ. ನಮ್ಮ 12 ಕಿಲೋ ಪೆಟ್ಟಿಗೆಯನ್ನು ಕೈಚಾಚಿ ಎಳೆದರೆ ಆಗಲೇ ಮಿತಿ ಮೀರಿದಂತೆ. ಬಾಗುವುದು, ತಿರುಚುವುದು, ಮತ್ತೆ ಮತ್ತೆ ಎತ್ತುವುದು ಸೇರಿದರೆ ಮಿತಿ ಇನ್ನಷ್ಟು ಕುಗ್ಗುತ್ತದೆ. ಹಾಗಾಗಿ ಪೆಟ್ಟಿಗೆಯ ಬಳಿಗೆ ನೀವೇ ಸರಿದು, ಅದನ್ನು ಹೊಟ್ಟೆಗೆ ಒತ್ತಿಕೊಂಡು ಎತ್ತಿ, ತಿರುಗುವಾಗ ಸೊಂಟವನ್ನು ತಿರುಚದೆ ಪಾದಗಳನ್ನು ತಿರುಗಿಸಿ. ತಲೆಗಿಂತ ಎತ್ತರದ ಸಾಲಿಗೆ ಗಟ್ಟಿಯಾದ ಮೆಟ್ಟುಹಲಗೆ ಬಳಸಿ.

ಗಂಟೆಗಟ್ಟಲೆ ಕುಳಿತು ಬಂದವರು ತಕ್ಷಣ ಎತ್ತಲು ನಿಲ್ಲಬಾರದು; ಕೆಲವು ನಿಮಿಷ ಓಡಾಡಿ, ನೀರು ಕುಡಿದು ಶುರುಮಾಡಬೇಕು. ಕ್ಯಾಬಿನ್‌ನಿಂದ ಧುಮುಕದೆ, ಲಾರಿಗೆ ಮುಖಮಾಡಿ ಹಿಡಿಕೆ ಹಿಡಿದು ಇಳಿಯಿರಿ. ಹಿಂಬಾಗಿಲು ತೆರೆಯುವಾಗ ಒಂದು ಪಕ್ಕಕ್ಕೆ ನಿಲ್ಲಿ, ಏಕೆಂದರೆ ದಾರಿಯಲ್ಲಿ ಜರುಗಿದ ಸರಕು ಬಾಗಿಲಿಗೆ ಒರಗಿರಬಹುದು.

ಸಂಜೆಯ ಸ್ನಾಯುನೋವು ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ. ಆದರೆ ಸೊಂಟದಿಂದ ಕಾಲಿಗೆ ಇಳಿಯುವ ನೋವು ಅಥವಾ ಜೋಮು ಕಂಡರೆ ಕೆಲಸ ನಿಲ್ಲಿಸಿ ವೈದ್ಯರನ್ನು ಕಾಣಿ, ಮತ್ತು ಅದೇ ದಿನ ಮಾಲೀಕರಿಗೆ ಬರಹದಲ್ಲಿ ತಿಳಿಸಿ ಒಂದು ಪ್ರತಿಯನ್ನು ನಿಮ್ಮ ಬಳಿ ಇಟ್ಟುಕೊಳ್ಳಿ.